ಕನ್ನ ಹಾಕುವ ಕಳ್ಳ, ಕಣ್ಣು ಕಟ್ಟಿದ ನ್ಯಾಯ

ಶರ್ವಿಲಕನಿಗೆ ಕಳ್ಳತನವೂ ಒಂದು ಶಾಸ್ತ್ರ. ನಡುರಾತ್ರಿ ಚಾರುದತ್ತನ ಮನೆಯ ಗೋಡೆಯ ಮುಂದೆ ನಿಂತು, ಕನ್ನದ ಆಕಾರ ತಾವರೆಯಂತಿರಬೇಕೋ ಪೂರ್ಣಕುಂಭದಂತಿರಬೇಕೋ ಎಂದು ಯೋಚಿಸುತ್ತಾನೆ. ಅಳತೆಯ ದಾರ ಮರೆತುಬಂದದ್ದು ನೆನಪಾಗಿ ಜನಿವಾರದಲ್ಲೇ ಅಳೆಯುತ್ತಾನೆ! ಶೂದ್ರಕನ ‘ಮೃಚ್ಛಕಟಿಕ’ದ ಮೂರನೆಯ ಅಂಕದ ಈ ಸನ್ನಿವೇಶ ಇಂದಿಗೂ ನಗೆ ಉಕ್ಕಿಸುತ್ತದೆ.

ಅಪರಾಧವನ್ನು ನಗೆಯ ವಸ್ತುವಾಗಿಸಿದ ನಾಟಕಗಳು ಬೇರೆ ದೇಶಗಳಲ್ಲಿಯೂ ಇವೆ. ಜರ್ಮನಿಯ ಗೆರ್ಹಾರ್ಟ್ ಹಾಪ್ಟ್‌ಮನ್ 1893ರಲ್ಲಿ ರಂಗಕ್ಕೆ ತಂದ ‘ಡೆರ್ ಬೀಬರ್‌ಪೆಲ್ಟ್ಸ್’ ಅಂಥದೊಂದು. ಅದರಲ್ಲಿ ಬಟ್ಟೆ ಒಗೆಯುವ ವೋಲ್ಫ್ ಎಂಬ ಹೆಂಗಸು ಸೌದೆಯನ್ನೂ ಬೆಲೆಬಾಳುವ ತುಪ್ಪುಳಿನ ಕೋಟನ್ನೂ ಕದಿಯುತ್ತಾಳೆ. ರಾಜಕೀಯ ವಿರೋಧಿಗಳ ಬೇಟೆಯಲ್ಲಿ ಮುಳುಗಿದ ಅಧಿಕಾರಿ ಕೊನೆಗೆ ಅವಳ ಪ್ರಾಮಾಣಿಕತೆಯನ್ನೇ ಹೊಗಳುತ್ತಾನೆ. ಈ ನಾಟಕ 1928, 1937 ಮತ್ತು 1949ರಲ್ಲಿ ಚಲನಚಿತ್ರವಾಯಿತು. ಕಡೆಯದನ್ನು ನಿರ್ದೇಶಿಸಿದ ಎರಿಕ್ ಎಂಗೆಲ್, ಬ್ರೆಕ್ಟ್‌ನ ಮೂರು ಕಾಸಿನ ಸಂಗೀತ ನಾಟಕವನ್ನು 1928ರಲ್ಲಿ ಮೊದಲು ರಂಗದ ಮೇಲೆ ತಂದವರು.

‘ಮೃಚ್ಛಕಟಿಕ’ದಲ್ಲಿಯೂ ನಗೆಯ ಮೊನೆ ನ್ಯಾಯಾಸನದತ್ತಲೇ ತಿರುಗಿದೆ. ರಾಜನ ಮೈದುನ ಶಕಾರ ವಸಂತಸೇನೆಯ ಕತ್ತು ಹಿಸುಕಿ, ಅವಳು ಸತ್ತಳೆಂದು ತಿಳಿದು, ಕೊಲೆಯ ಆರೋಪವನ್ನು ಚಾರುದತ್ತನ ಮೇಲೆ ಹೊರಿಸುತ್ತಾನೆ. ತನ್ನ ಮಾತು ಕೇಳದಿದ್ದರೆ ಅಧಿಕಾರದಿಂದ ತೆಗೆಸುತ್ತೇನೆಂದು ನ್ಯಾಯಾಧಿಕಾರಿಯನ್ನು ಬೆದರಿಸುತ್ತಾನೆ. ನಿರಪರಾಧಿಗೆ ಮರಣದಂಡನೆ! ಕೊನೆಗೆ ದುಷ್ಟ ಅರಸು ಅಳಿದ ಸುದ್ದಿ ತರುವವನು ಮತ್ತಾರೂ ಅಲ್ಲ, ಅದೇ ಕಳ್ಳ ಶರ್ವಿಲಕ. ಮನೆಗೆ ಕನ್ನ ಹಾಕಿದವನೇ ರಾಜ್ಯ ಬದಲಾಯಿಸುವವರ ಜೊತೆ ನಿಲ್ಲುತ್ತಾನೆ. ಕಥೆಯ ತಿರುಳೇ ಇದು.

ಕನ್ನಡಿಗರಿಗೂ ಈ ನಾಟಕದ ಚಿತ್ರರೂಪಗಳಿಗೂ ನಂಟು ಹಳೆಯದು. ಮೋಹನ್ ಭವನಾನಿ ಮೂಕಿಯುಗದ ಕೊನೆಯಲ್ಲಿ ತೆಗೆದ ಚಿತ್ರದಲ್ಲಿ ಟಿ.ಪಿ. ಕೈಲಾಸಂ ಹಾಗೂ ಕಮಲಾದೇವಿ ಚಟ್ಟೋಪಾಧ್ಯಾಯ ನಟಿಸಿದ್ದರು. ಮಾತಿಲ್ಲದ ತೆರೆಗೆ ಒಂದು ಮಿತಿಯಿತ್ತು. ‘ಸ’ಕಾರವನ್ನು ‘ಶ’ಕಾರವಾಗಿ ನುಡಿಯುವುದೇ ಶಕಾರನ ಹಾಸ್ಯ, ಅದು ಕಿವಿಗೆ ಬೀಳಬೇಕು. ಆ ಮಾತು 1941ರಲ್ಲಿ ರಾಮಯ್ಯರ್ ಶಿರೂರ್ ನಿರ್ದೇಶನದ ‘ವಸಂತಸೇನಾ’ ವಾಕ್ಚಿತ್ರದಿಂದ ಕನ್ನಡಕ್ಕೆ ದಕ್ಕಿತು. ಅದರಲ್ಲಿ ಆರ್. ನಾಗೇಂದ್ರರಾಯರು ಶಕಾರ, ಎಂ.ವಿ. ಸುಬ್ಬಯ್ಯನಾಯ್ಡು ಚಾರುದತ್ತ, ಲಕ್ಷ್ಮೀಬಾಯಿ ವಸಂತಸೇನೆ. ಇಬ್ಬರು ನಟರೂ ರಂಗಭೂಮಿಯಲ್ಲಿ ಪಳಗಿದವರು. 1984ರಲ್ಲಿ ಗಿರೀಶ ಕಾರ್ನಾಡರು ಹಿಂದಿಯಲ್ಲಿ ‘ಉತ್ಸವ್’ ತೆಗೆದಾಗ ಕಳ್ಳನ ಪಾತ್ರ ಶಂಕರ್‌ನಾಗ್ ಅವರ ಪಾಲಿಗೆ ಬಂತು.

ನಾಟಕದ ಹೆಸರಿನಲ್ಲಿರುವುದು ಚಾರುದತ್ತನ ಮಗ ಆಡುವ ಮಣ್ಣಿನ ಬಂಡಿ. 1941ರ ಚಿತ್ರದ ಹೆಸರಿಗೆ ಬಂದವಳು ನಾಯಕಿ. ಹೆಸರು ಬದಲಾದರೆ ತಪ್ಪೇನೂ ಇಲ್ಲ. ಆದರೆ ಈ ಕಥೆಯನ್ನು ಬರಿಯ ಪ್ರಣಯವೆಂದು ಕಂಡರೆ ಕಳ್ಳ ನಗಿಸಿ ಮರೆಯಾಗುವ ವಿದೂಷಕನಾಗಿಬಿಡುತ್ತಾನೆ. ಒಂದು ಒಡವೆ ಗಂಟು ಕದ್ದವನನ್ನು ಹಿಡಿಯಲು ಕಾವಲುಗಾರರಿದ್ದಾರೆ. ನ್ಯಾಯವನ್ನೇ ಕದ್ದ ಮೈದುನನನ್ನು ಹಿಡಿಯುವವರು ಯಾರು? ಶೂದ್ರಕ ನಗಿಸುತ್ತಲೇ ಕೇಳಿದ ಈ ಪ್ರಶ್ನೆಯನ್ನು ಉಳಿಸಿಕೊಳ್ಳುವುದೇ ಈ ನಾಟಕವನ್ನು ತೆರೆಗೆ ತರುವವರ ಮುಂದಿರುವ ನಿಜವಾದ ಪರೀಕ್ಷೆ.