ಕಂಡವರು ಕೆಲವರು, ಕೇಳಿದವರು ಹಲವರು

ಫುಟ್‌ಬಾಲ್ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಆಡಿದವರ ಚರಿತ್ರೆಯನ್ನು ಬರೆಯುತ್ತಾರೆ. ಯಾರು ಗೋಲು ಹೊಡೆದರು, ಯಾರು ತಡೆದರು, ಕಪ್ ಯಾರ ಪಾಲಾಯಿತು ಎಂಬುದೇ ಅದರ ವಸ್ತು. ಆದರೆ ಒಂದು ಪಂದ್ಯದಲ್ಲಿ ಆಡುವವರು ಇಪ್ಪತ್ತೆರಡು ಮಂದಿ. ಮೈದಾನಕ್ಕೆ ಹೋಗಿ ನೋಡುವವರು ಕೆಲವು ಸಾವಿರ. ಮನೆಯಲ್ಲೋ ಹೋಟೆಲಿನಲ್ಲೋ ಕುಳಿತು ಕೇಳುವವರು, ನೋಡುವವರು ಲಕ್ಷಗಟ್ಟಲೆ. ಈ ಕೊನೆಯ ವರ್ಗಕ್ಕೆ ಸೇರಿದ ನಮ್ಮಂಥವರಿಗೂ ಒಂದು ಚರಿತ್ರೆಯಿದೆ. ನಾವು ಕೇಂದ್ರ ಸರ್ಕಾರದ ಕಚೇರಿಯಲ್ಲಿ ಕಡತ ನೋಡುವ ಗುಮಾಸ್ತರು. ಚೆಂಡನ್ನು ಒದ್ದು ಹೆಸರು ಮಾಡಿದವರಲ್ಲ. ಆದರೂ ಆಟವು ಮೈದಾನದಿಂದ ನಮ್ಮ ಮನೆಯವರೆಗೆ ನಡೆದು ಬಂದ ದಾರಿಯನ್ನು ಓದುಗ ಬಂಧುಗಳ ಮುಂದಿಡಬೇಕೆಂಬ ಆಸೆ. ಆ ದಾರಿಯಲ್ಲಿ ಕನ್ನಡ ನಾಡಿನವರು ಕೆಲವರು ಹಿಂದೆ ಉಳಿದುಬಿಟ್ಟಿದ್ದಾರೆ ಎಂಬುದೇ ಇದನ್ನು ಬರೆಯಲು ಕಾರಣ.

ರೇಡಿಯೋ ಇಲ್ಲದ ಕಾಲದಲ್ಲಿ ಪ್ರಸಾರ ಹೇಗಿತ್ತು? 1911ರ ಜುಲೈ 29ರಂದು ಕಲ್ಕತ್ತಾದಲ್ಲಿ ಮೋಹನ್ ಬಗಾನ್ ತಂಡ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನು 2-1ರಿಂದ ಸೋಲಿಸಿ ಐ.ಎಫ್.ಎ. ಶೀಲ್ಡ್ ಗೆದ್ದಿತು. ಬರಿಗಾಲಿನವರು ಬೂಟು ತೊಟ್ಟ ಬಿಳಿಯ ಸಿಪಾಯಿಗಳನ್ನು ಮಣಿಸಿದ ಪಂದ್ಯವದು. ನೆರೆದ ಜನಸಾಗರದಲ್ಲಿ ಹಿಂದೆ ನಿಂತವರಿಗೆ ಚೆಂಡು ಕಾಣುವುದಿರಲಿ, ಆಟಗಾರರ ತಲೆಯೂ ಕಾಣುವಂತಿರಲಿಲ್ಲ. ಅವರಿಗೆಂದು ಗೋಲುಗಳ ಲೆಕ್ಕ ಬರೆದ ಗಾಳಿಪಟಗಳನ್ನು ಹಾರಿಸಿದರಂತೆ. ಆಕಾಶದಲ್ಲಿ ಬರೆದ ಸುದ್ದಿ! ನಮ್ಮ ದೇಶದಲ್ಲಿ ‘ಆಕಾಶವಾಣಿ’ ಎಂಬ ಹೆಸರು ಬರುವುದಕ್ಕೆ ಎಷ್ಟೋ ವರ್ಷ ಮೊದಲೇ ಫುಟ್‌ಬಾಲಿಗೆ ಒಂದು ಆಕಾಶಪತ್ರಿಕೆ ಇತ್ತೆನ್ನಬಹುದು.

ಗಾಳಿಪಟದಿಂದ ಬಾನುಲಿಗೆ ಹದಿನಾರು ವರ್ಷದ ದೂರ. 1927ರ ಜನವರಿ 22ರಂದು ಲಂಡನ್ನಿನ ಹೈಬರಿ ಮೈದಾನದಿಂದ ಬಿ.ಬಿ.ಸಿ. ತನ್ನ ಮೊದಲ ಫುಟ್‌ಬಾಲ್ ವೀಕ್ಷಕ ವಿವರಣೆಯನ್ನು ಬಿತ್ತರಿಸಿತು. ಆರ್ಸೆನಲ್ ಮತ್ತು ಶೆಫೀಲ್ಡ್ ಯುನೈಟೆಡ್ ನಡುವಣ ಆ ಪಂದ್ಯ 1-1ರಲ್ಲಿ ಮುಗಿಯಿತು. ವಿವರಣೆಕಾರರು ಟೆಡ್ಡಿ ವೇಕ್‌ಲಮ್. ಕಾಣದ ಆಟವನ್ನು ಕಿವಿಗೆ ತೋರಿಸುವುದು ಹೇಗೆಂಬುದು ಆಗ ದೊಡ್ಡ ಸಮಸ್ಯೆ. ಅದಕ್ಕೆ ಬಿ.ಬಿ.ಸಿ.ಯವರು ಹೂಡಿದ ಉಪಾಯ ಸೊಗಸಾಗಿದೆ. ಮೈದಾನದ ನಕ್ಷೆಯನ್ನು ಎಂಟು ಚೌಕಗಳಾಗಿ ವಿಂಗಡಿಸಿ, ಅಂಕೆ ಹಾಕಿ, ‘ರೇಡಿಯೋ ಟೈಮ್ಸ್’ ಪತ್ರಿಕೆಯಲ್ಲಿ ಅಚ್ಚು ಮಾಡಿದರು. ವೇಕ್‌ಲಮ್ ಆಟವನ್ನು ಬಣ್ಣಿಸುತ್ತಿರುವಾಗ ಇನ್ನೊಂದು ದನಿ ಚೆಂಡು ಯಾವ ಚೌಕದಲ್ಲಿದೆಯೆಂದು ಅಂಕೆಯನ್ನಷ್ಟೇ ಹೇಳುತ್ತಿತ್ತು. ಕೇಳುಗರು ನಕ್ಷೆಯನ್ನು ತೊಡೆಯ ಮೇಲಿಟ್ಟುಕೊಂಡು ಬೆರಳಾಡಿಸುತ್ತಿದ್ದರು. ಇದಕ್ಕೆ ಒಂದು ವಾರ ಮೊದಲು ಇದೇ ವೇಕ್‌ಲಮ್ ರಗ್ಬಿ ಪಂದ್ಯದ ವಿವರಣೆ ನೀಡಿದಾಗ ದೃಷ್ಟಿಯಿಲ್ಲದ ಒಬ್ಬರನ್ನು ಅವರ ಹತ್ತಿರ ಕೂರಿಸಿದ್ದರಂತೆ: ಇವರಿಗೆ ಅರ್ಥವಾಗುವಂತೆ ಹೇಳಿ, ಉಳಿದವರಿಗೆ ತಾನಾಗಿ ಅರ್ಥವಾಗುತ್ತದೆ ಎಂದು. ವೀಕ್ಷಕ ವಿವರಣೆಯ ಕಲೆಗೆ ಇದಕ್ಕಿಂತ ಒಳ್ಳೆಯ ಪಾಠ ಇರಲಾರದು.

ಇನ್ನು ನಮ್ಮವರ ವಿಷಯಕ್ಕೆ ಬರೋಣ. 1948ರ ಜುಲೈ 31ರಂದು ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತದ ಫುಟ್‌ಬಾಲ್ ತಂಡ ಫ್ರಾನ್ಸಿನ ಎದುರು ಆಡಿತು. ನಾಯಕರು ನಾಗಾ ಬೆಟ್ಟಗಳ ತಾಲಿಮೆರೆನ್ ಆವೊ. ನಮ್ಮ ಆಟಗಾರರಲ್ಲಿ ಹೆಚ್ಚಿನವರು ಬರಿಗಾಲಿನವರು. ಗೋಲು ಕಾಯುತ್ತಿದ್ದವರು ಮೈಸೂರಿನ ಕೆ.ವಿ. ವರದರಾಜ್. ಫ್ರಾನ್ಸ್ ಮೊದಲು ಗೋಲು ಹೊಡೆಯಿತು. 70ನೆಯ ನಿಮಿಷದಲ್ಲಿ ಮೈಸೂರು ತಂಡದ ಸಾರಂಗಪಾಣಿ ರಾಮನ್ ಅದನ್ನು ಸರಿಗಟ್ಟಿದರು. ಸ್ವತಂತ್ರ ಭಾರತದ ಮೊತ್ತಮೊದಲ ಅಂತರರಾಷ್ಟ್ರೀಯ ಗೋಲು ಅದು. ಎರಡು ಪೆನಾಲ್ಟಿಗಳು ದೊರೆತೂ ವ್ಯರ್ಥವಾದವು. ಕೊನೆಯ ಗಳಿಗೆಯಲ್ಲಿ ಫ್ರಾನ್ಸ್ ಇನ್ನೊಂದು ಗೋಲು ಹೊಡೆದು 2-1ರಿಂದ ಗೆದ್ದಿತು. ಆ ಕೂಟದಲ್ಲಿ ವೆಂಬ್ಲಿಯ ಸ್ಪರ್ಧೆಗಳನ್ನು ಬಿ.ಬಿ.ಸಿ. ಟೆಲಿವಿಷನ್‌ನಲ್ಲಿ ತೋರಿಸಿತು, ಆದರೆ ನಮ್ಮವರು ಆಡಿದ್ದು ಇಲ್‌ಫರ್ಡಿನ ಸಣ್ಣ ಮೈದಾನದಲ್ಲಿ. ನಮ್ಮ ದೇಶಕ್ಕೆ ಟೆಲಿವಿಷನ್ ಬಂದದ್ದೇ 1959ರ ಸೆಪ್ಟೆಂಬರ್ 15ರಂದು, ಅದೂ ದೆಹಲಿಗೆ ಮಾತ್ರ. ಹೀಗಾಗಿ ರಾಮನ್ ಅವರ ಗೋಲನ್ನು ಬೆಂಗಳೂರಿನ ಯಾವ ಮನೆಯವರೂ ಕುಳಿತು ನೋಡಲಿಲ್ಲ. ನಮ್ಮ ಸಂಘದ ಮಕ್ಕಳನ್ನು ಕರೆದು ಭಾರತದ ಮೊದಲ ಗೋಲು ಯಾರದೆಂದು ಕೇಳಿ ನೋಡಿ. ಸರಿಯಾದ ಉತ್ತರ ಬಂದರೆ ನಾವೇ ಅವರಿಗೆ ಮೈಸೂರು ಪಾಕ್ ಕೊಡಿಸುತ್ತೇವೆ.

ದನಿಯೂ ಇಲ್ಲದ, ಚಿತ್ರವೂ ಇಲ್ಲದ ಕಡೆ ಕಟ್ಟುಕಥೆ ಬೇಗ ಬೇರುಬಿಡುತ್ತದೆ. 1950ರ ವಿಶ್ವಕಪ್ಪೇ ಇದಕ್ಕೆ ಸಾಕ್ಷಿ. ಗುಂಪಿನ ಉಳಿದ ದೇಶಗಳು ಹಿಂದೆ ಸರಿದುದರಿಂದ ಭಾರತಕ್ಕೆ ಬ್ರೆಜಿಲ್‌ನಲ್ಲಿ ಆಡುವ ಅವಕಾಶ ತಾನಾಗಿ ಒದಗಿತ್ತು. ನಮ್ಮವರು ಹೋಗಲಿಲ್ಲ. ‘ಬರಿಗಾಲಲ್ಲಿ ಆಡಲು ಬಿಡಲಿಲ್ಲ, ಅದಕ್ಕೇ ಹೋಗಲಿಲ್ಲ’ ಎಂಬ ಮಾತು ಇಂದಿಗೂ ಊರೆಲ್ಲ ಹರಿದಾಡುತ್ತಿದೆ. ಸ್ವಲ್ಪ ಯೋಚಿಸಿ ನೋಡೋಣ. ಎರಡು ವರ್ಷದ ನಂತರ, 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲೂ ನಮ್ಮ ಆಟಗಾರರು ಬರಿಗಾಲಲ್ಲೇ ಕಣಕ್ಕಿಳಿದರು; ಯಾರೂ ಅವರನ್ನು ಹೊರಗೆ ಕಳಿಸಲಿಲ್ಲ. ಪ್ರಯಾಣದ ಖರ್ಚಿನ ಬಹುಪಾಲನ್ನು ಭರಿಸಲು ಬ್ರೆಜಿಲ್‌ನವರು ಸಿದ್ಧರಿದ್ದರು. ಆ ಕಾಲದ ನಮ್ಮ ತಂಡದ ನಾಯಕ ಶೈಲೇನ್ ಮನ್ನಾ ಅವರೇ ಮುಂದೆ ಈ ಬರಿಗಾಲ ಕಥೆಯನ್ನು ಒಪ್ಪಲಿಲ್ಲ. ನಮ್ಮ ಆಡಳಿತಗಾರರಿಗೆ ಒಲಿಂಪಿಕ್ಸ್ ದೊಡ್ಡದಾಗಿ ಕಂಡಿತ್ತು, ವಿಶ್ವಕಪ್ಪಿನ ಬೆಲೆ ತಿಳಿದಿರಲಿಲ್ಲ ಎಂಬುದೇ ಹೆಚ್ಚು ಸಮಂಜಸ. ವಿಶ್ವಕಪ್ ಟೆಲಿವಿಷನ್‌ಗೆ ಬಂದದ್ದೇ 1954ರಲ್ಲಿ, ಸ್ವಿಟ್ಜರ್ಲೆಂಡಿನಿಂದ. ಕಣ್ಣಿಗೆ ಕಾಣದ ಕಪ್ಪಿಗೆ ಯಾರು ತಾನೇ ಮಾರುಹೋಗುತ್ತಾರೆ?

ಹೆಲ್ಸಿಂಕಿಯ ಮಾತು ಬಂದ ಮೇಲೆ ಅಹಮದ್ ಖಾನ್ ಅವರನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ಯುಗೊಸ್ಲಾವಿಯಾ ಅಂದು ನಮಗೆ ಹತ್ತು ಗೋಲು ಹೊಡೆಯಿತು. ನಾವು ಹೊಡೆದದ್ದು ಒಂದೇ ಒಂದು, ಅದನ್ನು ಹೊಡೆದವರು ಬೆಂಗಳೂರಿನ ಅಹಮದ್ ಖಾನ್. ಹಿಂದಿನ ವರ್ಷ, 1951ರ ಮಾರ್ಚ್‌ನಲ್ಲಿ, ದೆಹಲಿಯ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಮೇವಾಲಾಲ್ ಗೋಲಿನಿಂದ ಇರಾನನ್ನು 1-0ರಿಂದ ಸೋಲಿಸಿ ಚಿನ್ನ ಗೆದ್ದ ತಂಡದಲ್ಲೂ ಅವರಿದ್ದರು. ಕಲ್ಕತ್ತಾದ ಈಸ್ಟ್ ಬೆಂಗಾಲ್ ಕ್ಲಬ್ಬಿನ ಮುಂಪಡೆಯಲ್ಲಿ ಅವರೊಂದಿಗೆ ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೆ ಆಡುತ್ತಿದ್ದರು. ಐವರೂ ದಕ್ಷಿಣದವರು. ಬಂಗಾಳಿಗಳು ಅವರನ್ನು ‘ಪಂಚಪಾಂಡವರು’ ಎಂದು ಕರೆದು ತಲೆಯ ಮೇಲೆ ಹೊತ್ತರು. 1949ರಲ್ಲಿ ಆ ತಂಡ ಕಲ್ಕತ್ತಾ ಲೀಗ್, ಐ.ಎಫ್.ಎ. ಶೀಲ್ಡ್, ರೋವರ್ಸ್ ಕಪ್ ಮೂರನ್ನೂ ಗೆದ್ದಿತು. ನಾವೆಲ್ಲ ಕೆಲಸ ಹುಡುಕಿಕೊಂಡು ಪರಸ್ಥಳಕ್ಕೆ ಬಂದವರು. ಇವರು ಆಟ ಹಿಡಿದುಕೊಂಡು ಹೋದವರು. ಹೊರನಾಡ ಕನ್ನಡಿಗರ ಸಾಧನೆಗಳ ಪಟ್ಟಿ ಮಾಡುವಾಗ ಸಾಹಿತಿಗಳು, ಹೋಟೆಲ್ ಉದ್ಯಮಿಗಳು, ಬ್ಯಾಂಕಿನವರು ನೆನಪಾಗುತ್ತಾರೆ. ಬೆಂಗಳೂರಿನಿಂದ ಕಲ್ಕತ್ತಾಕ್ಕೆ ಹೋಗಿ ಊರನ್ನೇ ಗೆದ್ದ ಈ ಬರಿಗಾಲಿನವರು ನೆನಪಾಗುವುದಿಲ್ಲ.

ರೋವರ್ಸ್ ಕಪ್ ಎಂದರೆ ನಮ್ಮ ಮುಂಬಯಿಯದೇ. 1891ರಲ್ಲಿ ಆರಂಭವಾದ ಈ ಪಂದ್ಯಾವಳಿಯಲ್ಲಿ ಬಹುಕಾಲ ಬ್ರಿಟಿಷ್ ಸೈನ್ಯದ ತಂಡಗಳದೇ ದರ್ಬಾರು. ಅದನ್ನು ಮೊದಲು ಮುರಿದ ಭಾರತೀಯ ತಂಡ ಕಲ್ಕತ್ತಾದ್ದಲ್ಲ, ಮುಂಬಯಿಯದೂ ಅಲ್ಲ. 1937ರಲ್ಲಿ ಕಪ್ ಗೆದ್ದ ಬೆಂಗಳೂರು ಮುಸ್ಲಿಮ್ಸ್. ಮರುವರ್ಷವೂ ಅವರೇ ಗೆದ್ದರು. 1948ರಲ್ಲಿ ಮೋಹನ್ ಬಗಾನನ್ನು ಸೋಲಿಸಿ ಮೂರನೆಯ ಬಾರಿ ಗೆದ್ದರು. ಹಲಸೂರಿನಿಂದ ಮುಂಬಯಿಗೆ ಬಂದು ನೆಲೆಸಿದ ನಮ್ಮ ತಾತನವರು ಆ 1948ರ ಪಂದ್ಯವನ್ನು ಕೂಪರೇಜ್ ಮೈದಾನದಲ್ಲಿ ಕಣ್ಣಾರೆ ನೋಡಿದವರು. ಹೊಸ ಊರು, ಬಾರದ ಭಾಷೆ, ಬಾಡಿಗೆ ಖೋಲಿಯಲ್ಲಿ ಆರು ಜನ. ಅಂಥದರಲ್ಲಿ ನಮ್ಮೂರಿನವರು ಗೆದ್ದ ಸಂಜೆ ಮೈದಾನದಿಂದ ಮನೆಯವರೆಗೂ ನಡೆದೇ ಬಂದೆ, ದೂರ ಗೊತ್ತಾಗಲಿಲ್ಲ ಎನ್ನುತ್ತಿದ್ದರು. ಈ ಊರು ತನ್ನದೆಂದು ಅವರಿಗೆ ಅನ್ನಿಸಿದ್ದು ಅಂದೇ ಅಂತೆ.

ಇನ್ನು ಟೆಲಿವಿಷನ್. ಮುಂಬಯಿಗೆ ಅದು ಬಂದದ್ದು 1972ರ ಅಕ್ಟೋಬರ್ 2ರಂದು. ಬಣ್ಣದ ಪ್ರಸಾರ ಬಂದದ್ದು 1982ರಲ್ಲಿ. ದೆಹಲಿ ಏಷ್ಯನ್ ಕ್ರೀಡಾಕೂಟ ಅದಕ್ಕೆ ಮುಹೂರ್ತವಾಯಿತು. ಬಣ್ಣ ಬಂತು, ನಮ್ಮ ಫುಟ್‌ಬಾಲ್ ತಂಡ ಮಾತ್ರ ಕ್ವಾರ್ಟರ್ ಫೈನಲಿನಲ್ಲಿ ಸೌದಿ ಅರೇಬಿಯಾಕ್ಕೆ 1-0ರಿಂದ ಸೋತಿತು. 1951ರ ಮತ್ತು 1962ರ ಏಷ್ಯನ್ ಚಿನ್ನ ಗೆದ್ದಾಗ ಇಲ್ಲದಿದ್ದ ಪರದೆ, ತಂಡ ಇಳಿಮುಖವಾದ ಮೇಲೆ ಮನೆಮನೆಗೂ ಬಂದಿತು. ವಿಧಿಯ ಚೇಷ್ಟೆಯೆಂದರೆ ಇದೇ. ನಮ್ಮವರ ಒಳ್ಳೆಯ ಆಟವನ್ನು ಕಾಣದ ಕಣ್ಣಿಗೆ ಹೊರಗಿನವರ ಅತ್ಯುತ್ತಮ ಆಟ ಕಾಣತೊಡಗಿತು. ಆ ಮೇಲೆ ಹೋಲಿಕೆ ಹೇಗೆ ನ್ಯಾಯವಾದೀತು?

1986ರ ವಿಶ್ವಕಪ್ ಮೆಕ್ಸಿಕೋದಿಂದ ಬಂತು. ಅಲ್ಲಿಯ ನಡುಹಗಲು ಹನ್ನೆರಡು ಎಂದರೆ ನಮಗೆ ರಾತ್ರಿ ಹನ್ನೊಂದೂವರೆ. ಆ ಸುಡುಬಿಸಿಲಿನಲ್ಲಿ ಆಡಿಸಿದ್ದು ಯೂರೋಪಿನ ಜನ ಸಂಜೆ ಮನೆಯಲ್ಲಿ ಕುಳಿತು ನೋಡಲಿ ಎಂದು. ಆಟಗಾರರು ಗೊಣಗಿದರೂ ಕೇಳಿದವರಿಲ್ಲ. ಅಲ್ಲಿಗೆ ಪ್ರಸಾರವು ಆಟದ ಹಿಂದೆ ನಡೆಯುವುದನ್ನು ಬಿಟ್ಟು ಆಟವನ್ನೇ ತನ್ನ ಹಿಂದೆ ನಡೆಸತೊಡಗಿತ್ತು. ಜೂನ್ 22ರಂದು ಇಂಗ್ಲೆಂಡಿನ ಎದುರು ಮರಡೋನಾ ಮೊದಲು ಕೈಯಿಂದ ಗೋಲು ಹೊಡೆದರು, ನಾಲ್ಕು ನಿಮಿಷದ ನಂತರ ಅರ್ಧ ತಂಡವನ್ನೇ ದಾಟಿ ಕಾಲಿನಿಂದ ಹೊಡೆದರು. ಮೈದಾನದಲ್ಲಿದ್ದ ರೆಫರಿಗೆ ಕಾಣದ ಕೈ ಲೋಕಕ್ಕೆಲ್ಲ ಕಂಡಿತು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬ ನಮ್ಮ ಗಾದೆಯನ್ನು ವಿಶ್ವಕಪ್ಪಿನವರು ಒಪ್ಪಿಕೊಂಡದ್ದು 2018ರಲ್ಲಿ, ರೆಫರಿಗೆ ವಿಡಿಯೋ ನೆರವು ಕೊಟ್ಟಾಗ.

ನಮ್ಮ ನೆನಪಿನಲ್ಲಿ ಹಸಿರಾಗಿರುವುದು 1990ರ ಇಟಲಿಯ ವಿಶ್ವಕಪ್. ನಾವು ಆಗ ಹತ್ತು ವರ್ಷದ ಹುಡುಗರು. ಸರ್ಕಾರಿ ವಸತಿಗೃಹಗಳ ನಮ್ಮ ಕಟ್ಟಡದಲ್ಲಿ ಮೂರು ಮನೆಗಳಲ್ಲಿ ಮಾತ್ರ ಟಿ.ವಿ. ಇತ್ತು. ಜೂನ್ 8ರ ಮೊದಲ ಪಂದ್ಯದಲ್ಲೇ ಕ್ಯಾಮರೂನ್ ತಂಡ ಅರ್ಜೆಂಟೀನಾವನ್ನು 1-0ರಿಂದ ಕೆಡವಿದಾಗ ಮರಾಠಿ, ತಮಿಳು, ಕನ್ನಡ ಎನ್ನದೆ ಎಲ್ಲರೂ ಒಟ್ಟಿಗೆ ಕೂಗಿದ್ದೆವು. ತಾತನವರು ಮಾತ್ರ ಕನ್ನಡಕ ಒರೆಸಿಕೊಂಡು, ‘ಇವರೆಲ್ಲ ಚೆನ್ನಾಗಿ ಆಡ್ತಾರಪ್ಪ. ಆದರೆ ಅಹಮದ್ ಖಾನ್ ಕಾಲಿಗೆ ಚೆಂಡು ಅಂಟಿಕೊಂಡೇ ಇರ್ತಿತ್ತು, ಬೂಟೂ ಇಲ್ಲದೆ’ ಎಂದರು. ಹುಡುಗರು ನಕ್ಕರು. ಮುದುಕರು ಹಳೆಯದನ್ನು ಹೊಗಳುವುದು ಸಹಜ ತಾನೇ? ತಾತನವರ ಬಳಿ ತೋರಿಸಲು ಚಿತ್ರವಿರಲಿಲ್ಲ. ಪರದೆಯ ಮೇಲೆ ಇದ್ದವರು ಇದ್ದರು. ಇಲ್ಲದವರು ಇಲ್ಲವೇ ಆದರು.

ಬಿ.ಎಸ್ಸಿ.ಯಲ್ಲಿ ಕಲಿತದ್ದು ಕಡತದ ಧೂಳಿನಲ್ಲಿ ಪೂರ್ತಿ ಮರೆತಿಲ್ಲವಾದ್ದರಿಂದ ಒಂದು ಲೆಕ್ಕ ಹೇಳುತ್ತೇವೆ. ಪ್ರಸಾರದ ಉಪಗ್ರಹ ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುತ್ತದೆ. ಅಲೆ ಅಲ್ಲಿಗೆ ಹೋಗಿ ಇಳಿಯಲು ಸುಮಾರು ಕಾಲು ಸೆಕೆಂಡು ಸಾಕು. ಇಂದಿನ ಮೊಬೈಲಿನಲ್ಲಿ ಚಿತ್ರವನ್ನು ತುಂಡು ತುಂಡಾಗಿ ಕಟ್ಟಿ ಕಳಿಸುವುದರಿಂದ ಅದು ಎಷ್ಟೋ ಸೆಕೆಂಡು ತಡವಾಗಿ ಬರುತ್ತದೆ. 2022ರ ಡಿಸೆಂಬರ್ 18ರಂದು ಅರ್ಜೆಂಟೀನಾ, ಫ್ರಾನ್ಸ್ ನಡುವೆ 3-3ರಲ್ಲಿ ನಿಂತು ಪೆನಾಲ್ಟಿಗಳಲ್ಲಿ ತೀರ್ಮಾನವಾದ ಫೈನಲನ್ನು ಮಗ ಮೊಬೈಲಿನಲ್ಲಿ, ಪಕ್ಕದ ಮನೆಯವರು ಟಿ.ವಿ.ಯಲ್ಲಿ ನೋಡುತ್ತಿದ್ದರು. ಗೋಲು ಮೊದಲು ಗೋಡೆಯಾಚೆಯಿಂದ ಕೇಳುತ್ತಿತ್ತು, ಆಮೇಲೆ ಮಗನ ಕೈಯಲ್ಲಿ ಕಾಣುತ್ತಿತ್ತು.

ಅಷ್ಟೆಲ್ಲ ಸೌಕರ್ಯವಿರುವ ಈ ಕಾಲದಲ್ಲೇ ನಡೆದ ಇನ್ನೊಂದು ಪಂದ್ಯವನ್ನು ಕೇಳಿ. ಮೈಸೂರು ರಾಜ್ಯವೆಂಬ ಹೆಸರಿನಲ್ಲಿ ನಮ್ಮವರು 1946-47, 1952-53, 1967-68, 1968-69ರಲ್ಲಿ ಸಂತೋಷ್ ಟ್ರೋಫಿ ಗೆದ್ದಿದ್ದರು. ಆ ಮೇಲೆ ಐವತ್ತನಾಲ್ಕು ವರ್ಷ ಬರಿಗೈ. 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ ಐದನೆಯ ಬಾರಿ ಗೆದ್ದಿತು. ಮರುದಿನ ನಾವು ಭೇಟಿಯಾದ ಕನ್ನಡಿಗ ಮಿತ್ರರಲ್ಲಿ ಒಬ್ಬರಿಗೂ ಅದು ಗೊತ್ತಿರಲಿಲ್ಲ. ಮೆಸ್ಸಿಯ ಮೊಣಕಾಲಿನ ಕ್ಷೇಮಸಮಾಚಾರ ಎಲ್ಲರಿಗೂ ಗೊತ್ತಿತ್ತು. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಇದಕ್ಕೇ. 1948ರಲ್ಲಿ ನೋಡಲು ಸಾಧನವಿರಲಿಲ್ಲ. 2023ರಲ್ಲಿ ಸಾಧನವಿತ್ತು, ನೋಡುವ ಮನಸ್ಸಿರಲಿಲ್ಲ. ಮೊದಲನೆಯದು ಕಾಲದ ದೋಷ, ಎರಡನೆಯದು ನಮ್ಮೆಲ್ಲರದು.

ಅಹಮದ್ ಖಾನ್ 2017ರಲ್ಲಿ ತೀರಿಕೊಂಡರು. ರೋವರ್ಸ್ ಕಪ್ ನಿಂತುಹೋಗಿ ಎರಡು ದಶಕಗಳ ಮೇಲಾಯಿತು. ಕೂಪರೇಜಿನಲ್ಲಿ ಬೆಂಗಳೂರಿನವರ ಆಟ ಕಂಡ ಕಣ್ಣುಗಳು ಇನ್ನು ಎಷ್ಟು ಉಳಿದಾವು? ನಮ್ಮ ಸಂಘದ ಹಿರಿಯ ಸದಸ್ಯರಲ್ಲಿ ತೊಂಬತ್ತರ ಗಡಿಯಲ್ಲಿರುವವರು ಕೆಲವರಿದ್ದಾರೆ. ಅವರ ಮೊಮ್ಮಕ್ಕಳ ಕೈಯಲ್ಲಿ ದನಿಯನ್ನೂ ಚಿತ್ರವನ್ನೂ ಹಿಡಿದಿಡುವ ಯಂತ್ರ ಹಗಲಿರುಳು ಇದ್ದೇ ಇದೆ. ಒಂದು ಭಾನುವಾರ ಹತ್ತಿರ ಕುಳಿತು, ಯಾವ ಪಂದ್ಯ ನೋಡಿದಿರಿ, ಯಾರ ಜೊತೆ ಹೋದಿರಿ, ಟಿಕೆಟ್ಟಿಗೆ ಎಷ್ಟು ಕೊಟ್ಟಿರಿ, ಯಾರು ಗೋಲು ಹೊಡೆದರು ಎಂದು ಕೇಳಿ ಹಿಡಿದಿಟ್ಟರೆ ಸಾಕು. ಬರೆದು ಕಳಿಸಿದರೂ ಸರಿ, ಮಾತನ್ನೇ ಕಳಿಸಿದರೂ ಸರಿ. ಸಂಘದ ಗ್ರಂಥಾಲಯದಲ್ಲಿ ಅದಕ್ಕೊಂದು ಕಡತವನ್ನು ನಾವು ತೆರೆದಿಡುತ್ತೇವೆ. ಕಡತ ತೆರೆಯುವುದೂ, ಅದನ್ನು ಜೋಪಾನವಾಗಿ ಕಾಯುವುದೂ ನಮಗೆ ಇಪ್ಪತ್ತು ವರ್ಷದಿಂದ ಅಭ್ಯಾಸವಾದ ಕೆಲಸ. ಮೊದಲ ಹಾಳೆಯಲ್ಲಿ ತಾತನವರ 1948ರ ಸಂಜೆಯನ್ನು ಬರೆದು ಸೇರಿಸಿದ್ದೇವೆ. ಎರಡನೆಯ ಹಾಳೆ ಖಾಲಿಯಿದೆ.