ಒಂದೇ ಗದ್ದಲ, ಬೇರೆ ಬೇರೆ ಕಿವಿ

ವೆನಿಸ್‌ನಲ್ಲಿ ತಾಮ್ರ ಬಡಿಯುವವರಿಗೆ ಕಿವುಡು ಬರುವುದನ್ನು ಇಟಲಿಯ ವೈದ್ಯ ರಮಾಝಿನಿ 1713ರಲ್ಲೇ ಬರೆದಿಟ್ಟಿದ್ದನು. 1886ರಲ್ಲಿ ಗ್ಲಾಸ್ಗೋದ ಥಾಮಸ್ ಬಾರ್ ನೂರು ಬಾಯ್ಲರ್ ಕೆಲಸಗಾರರ ಕಿವಿಗಳನ್ನು ಪರೀಕ್ಷಿಸಿದನು. ಒಬ್ಬನ ಶ್ರವಣವೂ ಸಹಜವಾಗಿರಲಿಲ್ಲ. ಆದರೂ ಎಲ್ಲರ ಕಿವುಡು ಒಂದೇ ಮಟ್ಟದ್ದಲ್ಲ. ಈ ತರತಮದ ಒಂದು ಸುಳಿವು ಬಹುಕಾಲದ ಮೇಲೆ ಇಲಿಗಳಲ್ಲಿ ದೊರೆಯಿತು: ಒಳಗಿವಿಯ ರೋಮತುದಿಗಳನ್ನು ಬೆಸೆಯುವ ಎಳೆಯ ಒಂದು ಅರ್ಧ ಕ್ಯಾಡೆರಿನ್-23, ಅದರ ವಂಶವಾಹಿಯಲ್ಲಿ ಕೊರತೆಯಿದ್ದ ಇಲಿಗಳು ಗದ್ದಲಕ್ಕೆ ಬೇಗ ಸೋತವು. ಇನ್ನೊಂದು ಅರ್ಧ ಪ್ರೊಟೊಕ್ಯಾಡೆರಿನ್-15. 2009ರಲ್ಲಿ ಸ್ವೀಡನ್, ಪೋಲೆಂಡ್‌ಗಳ ಕಾರ್ಮಿಕರ ಅಧ್ಯಯನ ಬೊಟ್ಟುಮಾಡಿದ್ದು ಅದರ ವಂಶವಾಹಿಯತ್ತಲೇ. ಸೊಗಸಾದ ಶೋಧವೇ ಸರಿ. ಆದರೆ ನಮಗೊಂದು ಅಳುಕು. ಯಂತ್ರದ ಸದ್ದಡಗಿಸುವ ಬದಲು, ರಕ್ತ ಪರೀಕ್ಷಿಸಿ ಕೆಲಸಗಾರನನ್ನೇ ಹೊರಗಿಡಲು ಇದು ನೆಪವಾದೀತು. ಬಾರ್ ಕಂಡ ನೂರು ಮಂದಿಯಲ್ಲಿ ಗಟ್ಟಿ ಕಿವಿಯ ವಂಶದವರೂ ಇದ್ದಿರಲೇಬೇಕು; ಅವರ ಕಿವಿಯೂ ಉಳಿಯಲಿಲ್ಲ.