ಗಾಳದ ರೀಲಿನ ಹಿಡಿ ಯಾವ ಕೈಗೆ?

ಹಿಪ್ಪುನೇರಳೆ ಬೇರುಗಂಟು ರೋಗದ ಬಗ್ಗೆ ಬರೀತೀನಿ ಅಂದಿದ್ದೆ, ಅದು ಮುಂದಿನ ಸಲ. ಇವತ್ತು ಗಾಳದ ವಿಚಾರ. ಕೃಷಿ ಹೊಂಡಕ್ಕೆ ಕಾಟ್ಲಾ, ರೋಹು ಬಿಟ್ಟಿರೋರು ನಮ್ಮಲ್ಲಿ ಸುಮಾರು ಜನ ಇದೀರಿ. ಮೊನ್ನೆ ಪಕ್ಕದೂರಿನ ಹುಡುಗರು ಹೊಸ ರೀಲು ತಂದು, "ಅಣ್ಣಾ, ಇದನ್ನ ಯಾವ ಕೈಲಿ ಸುತ್ಬೇಕು?" ಅಂತ ಕೇಳಿದ್ರು. "ಬಲಗೈಲಿ, ಇನ್ನೇನು" ಅಂತ ಥಟ್ಟನೆ ಹೇಳಿ ಕಳಿಸಿಬಿಟ್ಟೆ. ಅದಾದ ವಾರಕ್ಕೇ ನಮ್ಮ ಹೊಂಡದ ಏರಿ ಮೇಲೆ ಒಂದು ಸಂಗತಿ ನಡೆದು, ನಾನು ಹೇಳಿದ್ದು ಸರೀನಾ ಅಂತ ಹುಡುಕೋಕೆ ಹೊರಟೆ. ಹುಡುಕಿದ್ರೆ ಇದಕ್ಕೊಂದು ದೊಡ್ಡ ಇತಿಹಾಸವೇ ಇದೆ.

ನನ್ನ ಹತ್ರ ಇರೋದು ಸೋದರಮಾವ ಕೊಟ್ಟ ಕೆಂಪು ರೀಲು. ಮಾವ ಭೀಮೇಶ್ವರಿ ಕಡೆ ಹೊಳೆಯಲ್ಲಿ, ಗಾಳ ಹಾಕೋಕೆ ಬರ್ತಿದ್ದ ಹೊರದೇಶದವರ ಜೊತೆ ತೆಪ್ಪ ಹಾಕ್ಕೊಂಡು ಕೆಲಸ ಮಾಡಿದವರು. ರಾಗಿ ಹಿಟ್ಟಿನ ಉಂಡೆ ಬೇಯಿಸಿ, ಹದ ನೋಡಿ, ಗಾಳಕ್ಕೆ ಕಟ್ಟಿಕೊಡೋದು ಅವರ ಕೈಚಳಕ. ಒಬ್ಬ ಸಾಹೇಬರು ಊರಿಗೆ ಹೋಗುವಾಗ ಖುಷಿಯಾಗಿ ಆ ರೀಲು ಕೊಟ್ಟು ಹೋದರಂತೆ. ಮೇಲೆ ಆಂಬ್ಯಾಸಡರ್ 7000 ಅಂತ ಬರೆದಿದೆ. ಕಾರಲ್ಲ, ಸ್ವೀಡನ್ ದೇಶದ ಆಬು ಕಂಪನಿಯ ರೀಲು. ಹಿಡಿ ಇರೋದು ಬಲಕ್ಕೆ, ಬದಲಾಯಿಸೋ ಹಾಗಿಲ್ಲ. ನಾನು ಬಲಗೈಲಿ ಗಾಳ ಬೀಸಿ, ಕೋಲನ್ನ ಎಡಗೈಗೆ ದಾಟಿಸಿ, ಆಮೇಲೆ ಬಲಗೈಲಿ ಸುತ್ತೋದು. ಮಾವ ಹಾಗೇ ಕಲಿಸಿದ್ರು. ಇಪ್ಪತ್ತೈದು ವರ್ಷ ಹಾಗೇ ಮಾಡಿದೀನಿ. ಹೀಗೆ ಕೈ ಬದಲಾಯಿಸೋ ಹೊತ್ತಿಗೆ ತಪ್ಪಿಸಿಕೊಂಡ ಮೀನುಗಳ ಲೆಕ್ಕ ಇಟ್ಟಿಲ್ಲ ಬುಡಿ.

ರೀಲು ಹುಟ್ಟಿದ್ದು ಯಾವಾಗ ಅಂದ್ರೆ, ಚೀನಾದ ಮಾ ಯುವಾನ್ ಅನ್ನೋ ಚಿತ್ರಕಾರ 1195ರ ಸುಮಾರಿಗೆ ಬರೆದ ಚಿತ್ರವೊಂದಿದೆ. ಚಳಿಗಾಲದ ಕೆರೆ, ಪುಟ್ಟ ದೋಣಿ, ಒಬ್ಬನೇ ಮನುಷ್ಯ, ಅವನ ಕೋಲಿಗೆ ರಾಟೆಯಂಥ ರೀಲು. ಇಂಗ್ಲೆಂಡಿನ ಪುಸ್ತಕಗಳಲ್ಲಿ ರೀಲಿನ ಮಾತು ಬರೋದು 1651ಕ್ಕೆ, ಥಾಮಸ್ ಬಾರ್ಕರ್ ಬರೆದದ್ದರಲ್ಲಿ. ಆ ಕಾಲದ ರೀಲು ಬರೀ ದಾರ ಸುತ್ತೋ ಉರುಳೆ. ಹಲ್ಲುಚಕ್ರ ಇಲ್ಲ. ಹಿಡಿ ಒಂದು ಸುತ್ತು ತಿರುಗಿದ್ರೆ ಉರುಳೆಯೂ ಒಂದೇ ಸುತ್ತು. ದೊಡ್ಡ ಮೀನು ನೂರು ಗಜ ದಾರ ಎಳೆದುಕೊಂಡು ಹೋದ್ರೆ ಅಷ್ಟನ್ನೂ ಒಂದೊಂದೇ ಸುತ್ತು ವಾಪಸ್ ತರಬೇಕು. ಅಲ್ಲಿನ ಹಳಬರು ಸುತ್ತೋ ಕೆಲಸಕ್ಕೆ ಬಲಗೈ ಇಟ್ಟುಕೊಂಡಿದ್ದು ಅದಕ್ಕೇ. ಮೇವು ಕತ್ತರಿಸೋ ಮಿಷನ್ನಿನ ಚಕ್ರಕ್ಕೆ ನಾವು ಯಾವ ಕೈ ಹಾಕ್ತೀವಿ ಹೇಳಿ? ಹಾಗೆ.

ಆಮೇಲೆ ಗಡಿಯಾರ ರಿಪೇರಿಯವರು ಬಂದ್ರು. ತಮಾಷೆ ಅಲ್ಲ. ಅಮೆರಿಕದ ಕೆಂಟಕಿಯಲ್ಲಿ ಜಾರ್ಜ್ ಸ್ನೈಡರ್ ಅಂತ ಗಡಿಯಾರ ಮಾಡೋನು, 1810-20ರ ನಡುವೆ, ಗಡಿಯಾರದ ಹಲ್ಲುಚಕ್ರಗಳನ್ನೇ ರೀಲಿಗೆ ಹಾಕಿದ. ಈಗ ಹಿಡಿ ಒಂದು ಸುತ್ತು ತಿರುಗಿದ್ರೆ ಉರುಳೆ ಹಲವು ಸುತ್ತು. ಇದು ಕೋಲಿನ ಮೇಲುಗಡೆ ಕೂರುತ್ತೆ. ಬೀಸುವಾಗ ಹೆಬ್ಬೆಟ್ಟು ಉರುಳೆ ಮೇಲೇ ಇರಬೇಕು, ಇಲ್ಲದಿದ್ರೆ ದಾರಕ್ಕಿಂತ ಉರುಳೆ ಜೋರಾಗಿ ಓಡಿ ಗೋಜಲಾಗುತ್ತೆ. ಬೀಸೋದೂ ಬಲಗೈ, ಹಿಡಿಯೂ ಬಲಗಡೆ. ಸುತ್ತೋ ಭಾರ ಕಮ್ಮಿ ಆಗಿದ್ರೂ ಹಿಡಿ ಮಾತ್ರ ಎಡಕ್ಕೆ ಬರಲಿಲ್ಲ. ಹಿಂದಿನವರು ಇಟ್ಟಿದ್ದರು, ಇವರೂ ಇಟ್ಟರು. ಆಬು ಕಂಪನಿಯೂ 1921ರಲ್ಲಿ ಶುರುವಾದಾಗ ಗಡಿಯಾರದ ಕಾರ್ಖಾನೆಯೇ. ಟ್ಯಾಕ್ಸಿ ಮೀಟರ್ ಕೂಡ ಮಾಡ್ತಿದ್ರು. ಯುದ್ಧದ ಕಾಲದಲ್ಲಿ ಮೀಟರ್ ವ್ಯಾಪಾರ ಬಿದ್ದುಹೋಗಿ ರೀಲಿಗೆ ಕೈ ಹಾಕಿದ್ರು. ಆಂಬ್ಯಾಸಡರ್ 5000 ಬಂದದ್ದು ಐವತ್ತರ ದಶಕದ ಶುರುವಿನಲ್ಲಿ, ಅದಕ್ಕೂ ಬಲಕ್ಕೇ ಹಿಡಿ. ಎಡಕ್ಕೆ ಬೇಕು ಅನ್ನೋರಿಗೆ ಆಮೇಲೆ 5001 ಅಂತ ಬೇರೆ ಮಾಡಿದ್ರು.

ನಮ್ಮಂಥ ರೇಷ್ಮೆ ಬೆಳೆಗಾರರಿಗೆ ಇಷ್ಟವಾಗೋ ಕಥೆ ಮುಂದಿನದು. ನಮ್ಮ ಕಡೆ ರೀಲರ್ ಅಂದ್ರೆ ರಾಮನಗರ ಮಾರ್ಕೆಟ್‌ನಲ್ಲಿ ಗೂಡು ಕೊಳ್ಳೋರು ತಾನೇ. ಚರಕದಲ್ಲಿ ಒಬ್ಬರು ತಿರುಗಿಸ್ತಾ ಇದ್ರೆ ಇನ್ನೊಬ್ಬರು ಬಿಸಿನೀರಿನ ಮುಂದೆ ಕೂತು ಎಳೆ ಕೂಡಿಸ್ತಾರೆ. ಗೂಡು ಗಾಲಿ ಥರ ತಿರುಗಲ್ಲ, ನೀರಲ್ಲಿ ಅಲ್ಲಲ್ಲೇ ಕುಣೀತಾ ಎಳೆ ಬಿಡುತ್ತೆ. ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನಲ್ಲಿ ಉಣ್ಣೆ ನೂಲಿನ ಮಿಲ್ಲು ಇಟ್ಟಿದ್ದ ಆಲ್ಫ್ರೆಡ್ ಇಲ್ಲಿಂಗ್‌ವರ್ತ್ ದಿನಾ ನೋಡ್ತಿದ್ದದ್ದೂ ಇಂಥದ್ದನ್ನೇ. ಬಾಬಿನ್ ನಿಂತಲ್ಲೇ ನಿಂತಿರುತ್ತೆ, ನೂಲು ಅದರ ತುದಿಯಿಂದ ಸರ್ರನೆ ಬಿಚ್ಚಿಕೊಳ್ಳುತ್ತೆ. ಅದನ್ನೇ ಗಾಳಕ್ಕೆ ತಂದು 1905ರಲ್ಲಿ ಪೇಟೆಂಟ್ ಮಾಡಿಸಿದ. ಬೀಸುವಾಗ ಉರುಳೆ ತಿರುಗದೇ ಇರೋ ರೀಲು ಬಂತು. ಹಗುರ ಗಾಳವೂ ದೂರ ಹೋಗುತ್ತೆ, ಗೋಜಲೂ ಕಮ್ಮಿ. ಈಗ ಅಂಗಡೀಲಿ ಹುಡುಗರು ತಗೊಳ್ಳೋ ರೀಲು, ಕೋಲಿನ ಕೆಳಗೆ ನೇತಾಡುತ್ತಲ್ಲ, ಅದರ ಮುತ್ತಾತ ಇದೇ.

ಹಿಡಿ ಎಡಕ್ಕೆ ಬಂದು ಊರೆಲ್ಲಾ ಹರಡಿದ್ದು ಫ್ರಾನ್ಸಿನ ಮಿಚೆಲ್ ರೀಲಿನಿಂದ. ಅದನ್ನ ಮಾಡಿದ್ದು ಕ್ಲೂಸ್ ಅನ್ನೋ ಊರಲ್ಲಿ. ಗಡಿಯಾರದ ಬಿಡಿಭಾಗಕ್ಕೆ ಹೆಸರಾದ ಊರು, ನೋಡಿ ಮತ್ತೆ ಗಡಿಯಾರ! ಯುದ್ಧ ಮುಗಿದ ಮೇಲೆ ಅದು ಲಕ್ಷಗಟ್ಟಲೆ ಹೋಯ್ತು. ಮಿಚೆಲ್ 300ಕ್ಕೆ ಹಿಡಿ ಎಡಗಡೆ. ಬಲಗೈಲಿ ಬೀಸು, ಕೋಲು ಅದೇ ಕೈಲಿರಲಿ, ಎಡಗೈಲಿ ಸುತ್ತು. ಎಡಗೈಲಿ ಬೀಸೋರಿಗೆ ಅಂತ 301, ಅದರ ಹಿಡಿ ಬಲಕ್ಕೆ.

ಈ ಲೆಕ್ಕ ನೋಡಿ ನನಗೆ ತಲೆ ತಿರುಗಿತು. ಒಂದು ಕಂಪನಿಗೆ ಬಲಗೈಯೋರ ರೀಲು ಅಂದ್ರೆ ಬಲಕ್ಕೆ ಹಿಡಿ, ಇನ್ನೊಂದಕ್ಕೆ ಬಲಗೈಯೋರ ರೀಲು ಅಂದ್ರೆ ಎಡಕ್ಕೆ ಹಿಡಿ. ಹಾಗಾದ್ರೆ ಶಕ್ತಿ ಬೇಕಿರೋದು ಯಾವ ಕೈಗೆ? ಮಾವ ಹೊಳೆಯಲ್ಲಿ ಬಿಳಿಮೀನು ಎಳೆಯೋದನ್ನ ನೆನಪು ಮಾಡ್ಕೊಂಡೆ. ದೊಡ್ಡ ಮೀನನ್ನ ಯಾರೂ ಸುತ್ತಿ ಎಳೆಯಲ್ಲ. ಕೋಲು ಎತ್ತಿ ಎಳೀಬೇಕು, ಕೋಲು ಇಳಿಸುವಾಗ ಸಡಿಲ ಆದ ದಾರವನ್ನ ಸುತ್ತಿಕೋಬೇಕು. ಮೈಸೂರಿನ ಡಿ ವೆಟ್ ವ್ಯಾನ್ ಇಂಗೆನ್ 1946ರಲ್ಲಿ ಕಬಿನಿಯಲ್ಲಿ 120 ಪೌಂಡಿನ ಬಿಳಿಮೀನು ಹಿಡಿದಿದ್ರು, ನಮ್ಮ ಲೆಕ್ಕದಲ್ಲಿ 54 ಕೆಜಿ. ಅಷ್ಟು ತೂಕವನ್ನ ಪುಟ್ಟ ಹಿಡಿ ತಿರುಗಿಸಿ ಎಳೆಯೋಕಾಗುತ್ತಾ? ಭಾರ ಎಲ್ಲಾ ಕೋಲು ಹಿಡಿದ ಕೈಗೆ. ನನ್ನ ಮಟ್ಟಿಗೆ ಹಲ್ಲುಚಕ್ರ ಬಂದ ದಿನವೇ ಹಿಡಿ ಎಡಕ್ಕೆ ಬರಬೇಕಿತ್ತು. (ಆ ಬಿಳಿಮೀನು ಈಗ ಅಳಿವಿನ ಅಂಚಿನಲ್ಲಿದೆ, ಅಭಯಾರಣ್ಯದೊಳಗೆ ಯಾರೂ ಗಾಳ ತಗೊಂಡು ಹೋಗಬೇಡಿ. ಹೊಂಡದ ಮಾತು ಬೇರೆ.)

ಈಗ ನಮ್ಮ ಏರಿ ಮೇಲೆ ನಡೆದದ್ದು. ನನ್ನ ಮಗಳು ಹುಟ್ಟಾ ಎಡಚಿ. ಚಿಕ್ಕವಳಿದ್ದಾಗ ಅದನ್ನ ಬಿಡಿಸೋಕೆ ನಾನು ಮಾಡದ್ದು ಏನೂ ಉಳಿದಿಲ್ಲ. ಎಡಗೈಗೆ ಬಟ್ಟೆ ಕಟ್ಟಿ ಊಟಕ್ಕೆ ಕೂರಿಸಿದೀನಿ. ಬಳಪ ಎಡಗೈಗೆ ಹೋದ್ರೆ ಹಿಪ್ಪುನೇರಳೆ ಕಡ್ಡೀಲಿ ಗಿಣ್ಣಿಗೆ ಹೊಡೆದಿದೀನಿ. "ನಾಳೆ ಗಂಡನ ಮನೇಲಿ ಎಡಗೈಲಿ ಬಡಿಸ್ತೀಯಾ?" ಅಂತ. ಈಗ ಬರೆಯೋದು, ಉಣ್ಣೋದು ಬಲಗೈ. ಡಿಗ್ರಿ ಮುಗಿಸಿ ಮನೇಲಿದಾಳೆ. ಮೊನ್ನೆ ಸಂಜೆ ನಾನು ಡ್ರಿಪ್ ಪೈಪು ನೋಡ್ತಿದ್ದಾಗ ಕೆಂಪು ರೀಲು ತಗೊಂಡು ಏರಿ ಮೇಲೆ ನಿಂತಿದ್ಲು. ನಾನು ಬಂದದ್ದು ನೋಡಿ ಕೋಲನ್ನ ಎಡಗೈಯಿಂದ ಬಲಗೈಗೆ ಬದಲಾಯಿಸಿದ್ಲು. ನಾನು ಏನೂ ಅಂದಿರಲಿಲ್ಲ. ಬಲಗೈಲಿ ಬೀಸಿದ್ಲು, ದಾರ ಗೋಜಲಾಗಿ ಗಾಳ ಕಾಲ ಬುಡದಲ್ಲೇ ಬಿತ್ತು.

ಗೋಜಲು ಬಿಡಿಸಿಕೊಟ್ಟು, "ನಿಂಗೆ ಹೆಂಗೆ ಬರ್ತದೋ ಹಂಗೇ ಹಾಕು ಮಗಾ" ಅಂದೆ. ನನ್ನ ಮುಖ ಒಂದ್ಸಲ ನೋಡಿದ್ಲು. ಎಡಗೈಲಿ ಬೀಸಿದ್ಲು, ಹೊಂಡದ ನಡುಮಧ್ಯಕ್ಕೆ ಹೋಗಿ ಬಿತ್ತು. ಕೋಲು ಎಡಗೈಲೇ ಇದೆ, ಬಲಗೈ ತಾನಾಗೇ ಹಿಡಿ ಮೇಲಿದೆ. ಕೈ ಬದಲಾಯಿಸೋ ಮಾತೇ ಇಲ್ಲ. ಇಪ್ಪತ್ತೈದು ವರ್ಷ ನನ್ನ ಕೈಗೆ ಒಗ್ಗದ ರೀಲು, ಅವಳ ಕೈಗೆ ಅಳತೆ ತಗೊಂಡು ಮಾಡಿದ ಹಾಗಿತ್ತು. ಎರಡು ಕೆಜಿ ಮೇಲಿನ ರೋಹು ಬಂತು.

"ಅಪ್ಪಾ, ಇದು ಎಡಚರ ರೀಲಾ?" ಅಂದ್ಲು. ಹೂಂ ಅನ್ನಲಾ, ಅಲ್ಲ ಅನ್ನಲಾ ಗೊತ್ತಾಗಲಿಲ್ಲ. ಅದಕ್ಕೇ ಇಷ್ಟೆಲ್ಲಾ ಹುಡುಕಿದ್ದು.

ರೀಲು ತಂದಿದ್ದ ಹುಡುಗರೇ, ನಾನು ಹೇಳಿದ್ದು ತಪ್ಪು. ನಿಮ್ಮದು ಕೋಲಿನ ಕೆಳಗೆ ಕೂರೋ ರೀಲು. ಈಗಿನ ಅಂಥ ರೀಲುಗಳಲ್ಲಿ ಸಾಮಾನ್ಯವಾಗಿ ಹಿಡಿಯನ್ನ ಬಿಚ್ಚಿ ಆಚೆ ಬದಿಗೆ ಹಾಕಬಹುದು. ಮೊದಲು ಹಿಡಿ ಇಲ್ಲದೇ ಬರೀ ಕೋಲು ಬೀಸಿ ನೋಡಿ, ಯಾವ ಕೈಲಿ ಸಲೀಸು ಅಂತ. ಕೋಲು ಆ ಕೈಲೇ ಇರಲಿ, ಹಿಡಿ ಇನ್ನೊಂದು ಕೈಗೆ ಹಾಕಿ. ಬಿಚ್ಚೋಕೆ ಬರದಿದ್ರೆ ಭಾನುವಾರ ತಗೊಂಡು ಬನ್ನಿ. ಕೆಂಪು ರೀಲು ಮಾತ್ರ ನನ್ನ ಕೇಳಬೇಡಿ, ಅದು ಈಗ ಮಗಳದ್ದು. ಅವಳನ್ನೇ ಕೇಳಿ.